‘ಎಸ್ಟ್ರೇಂಜ್ಡ್ ಬ್ರದರ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ‘ಎಸ್ಟ್ರೇಂಜ್ಡ್’ (ಒಡನಾಟ ಕಡಿದುಹೋಗಿ ದೂರವಾದ) ಅನ್ನೋ ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. 1988ರ ‘ರೇನ್ ಮ್ಯಾನ್’ ಸಿನಿಮಾ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂತ ಕೂತೆ. ‘ಮುನಿಸಿಕೊಂಡ ಅಣ್ಣತಮ್ಮಂದಿರ ಕತೆ’ ಅಂತ ಶುರು ಮಾಡಿ, ತಕ್ಷಣ ಹೊಡೆದುಹಾಕಿದೆ. ಮುನಿಸಿಕೊಳ್ಳೋಕೆ ಮೊದಲು ಪರಿಚಯ ಇರಬೇಕಲ್ವಾ? ಅಪ್ಪ ಸತ್ತು, ಅವನ 30 ಲಕ್ಷ ಡಾಲರ್ ಯಾರ ಪಾಲಾಯಿತು ಅಂತ ಹುಡುಕಿಕೊಂಡು ಹೋಗುವವರೆಗೂ ತಮ್ಮ ಚಾರ್ಲಿಗೆ ತನಗೊಬ್ಬ ಅಣ್ಣ ಇದ್ದಾನೆ ಅನ್ನೋದೇ ಗೊತ್ತಿಲ್ಲ.

ಅಪ್ಪ ಮಗನ ವಿಷಯ ಸುಲಭ. ‘ಮಾತು ಬಿಟ್ಟವರು’ ಅಂದರೆ ಮುಗಿಯಿತು. ಹುಡುಗನಾಗಿದ್ದಾಗ ಹೇಳದೆ ಕೇಳದೆ ಅಪ್ಪನ ಬ್ಯೂಕ್ ಕಾರು ಓಡಿಸಿಕೊಂಡು ಹೋದ, ಅಪ್ಪ ಕಾರು ಕಳುವಾಗಿದೆ ಅಂತ ಪೊಲೀಸರಿಗೆ ಹೇಳಿ ಮಗನನ್ನು ಎರಡು ದಿನ ಲಾಕಪ್ಪಿನಲ್ಲೇ ಬಿಟ್ಟ, ಮಗ ಮನೆ ಬಿಟ್ಟವನು ಮತ್ತೆ ಬರಲಿಲ್ಲ. ಉಯಿಲಿನಲ್ಲಿ ಅವನಿಗೆ ಬಂದಿದ್ದು ಅದೇ ಕಾರು, ಜೊತೆಗೆ ಒಂದಷ್ಟು ಗುಲಾಬಿ ಗಿಡ! (ಉಯಿಲು ಕೂಡ ಇಂಗ್ಲಿಷಿನ ‘ವಿಲ್’ನಿಂದಲೇ ಬಂದಿದ್ದು, ಈಗ ಯಾರಿಗೂ ಹಾಗನ್ನಿಸುವುದಿಲ್ಲ.)

ಅಣ್ಣತಮ್ಮಂದಿರಿಗೆ ‘ದಾಯಾದಿಗಳು’ ಅನ್ನೋಣವೇ? ದಾಯ ಅಂದರೆ ಪಾಲು. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಅಂತ ಗಾದೆಯೇ ಇದೆ. ಇಲ್ಲಿ ಅದು ತಿರುಗುಮುರುಗು. ಚಾರ್ಲಿ ಪಾಲು ಕೇಳೋಕೆ ಹೋಗಿ ಆಮೇಲೆ ತಮ್ಮನಾಗುತ್ತಾನೆ. ನಮ್ಮ ಕಡೆ ‘ಹೊಕ್ಕುಬಳಕೆ ಇಲ್ಲ’ ಅಂತಾರೆ, ನನಗದು ಇಷ್ಟ, ಆದರೆ ಅದಕ್ಕೂ ಮೊದಲು ಬಳಕೆ ಇದ್ದಿರಬೇಕು. ‘ಅಗಲಿದ’ ಅಂದರೆ ಸತ್ತೇ ಹೋದ ಅನ್ನಿಸುತ್ತೆ.

ಇನ್ನೊಂದು ತೊಡಕು ಹೆಸರಿನದು. ಆಟಿಸಂ ಇರುವ ಅಣ್ಣನ ಹೆಸರು ರೇಮಂಡ್. ಚಾರ್ಲಿ ಪುಟ್ಟ ಮಗುವಾಗಿದ್ದಾಗ ಹಾಗನ್ನೋಕೆ ಬಾರದೆ ‘ರೇನ್ ಮ್ಯಾನ್’ ಅಂತಿದ್ದ. ದೊಡ್ಡವನಾದ ಮೇಲೆ ಅದು ತನ್ನ ಕಲ್ಪನೆಯ ಗೆಳೆಯ ಅಂದುಕೊಂಡಿದ್ದ. ಹೋಟೆಲಿನ ಬಚ್ಚಲಲ್ಲಿ ಬಿಸಿನೀರು ಬಿಟ್ಟಾಗ ರೇಮಂಡ್ ಕಿರುಚಿಕೊಳ್ಳುತ್ತಾನೆ. ಮಗು ಚಾರ್ಲಿಗೆ ಸುಡುತ್ತೆ ಅನ್ನೋ ಹಳೇ ಭಯ ಅದು. ಅಣ್ಣನನ್ನು ಮನೆಯಿಂದ ಆರೈಕೆ ಕೇಂದ್ರಕ್ಕೆ ಕಳಿಸಿದ್ದು ಯಾಕೆ ಅಂತ ಚಾರ್ಲಿಗೆ ಗೊತ್ತಾಗೋದು ಆಗಲೇ. ಇದನ್ನೆಲ್ಲ ‘ಮಳೆಮನುಷ್ಯ’ ಅಂದುಬಿಟ್ಟರೆ ಏನೂ ಉಳಿಯೋದಿಲ್ಲ.

ನನ್ನ ತಂಗಿ ಚಂದ್ರಣ್ಣ ಅನ್ನಲಾರದೆ ‘ತಂದಣ್ಣ’ ಅಂತಿದ್ದಳು. ಅವನಿಗೆ ಐವತ್ತು ದಾಟಿದರೂ ಇಡೀ ಬೀದಿಗೆ ತಂದಣ್ಣನೇ. ಹೀಗೆ ಮಗುವಿನ ಬಾಯಲ್ಲಿ ಹುಟ್ಟಿ ಅಂಟಿಕೊಂಡ ಹೆಸರಿಗೆ ನಿಮ್ಮ ಕಡೆ ಏನಂತಾರೆ? ಮುದ್ದು ಹೆಸರು ಬೇರೆ, ಅದನ್ನು ಬೇಕಂತಲೇ ಇಡೋದು. ಸದ್ಯಕ್ಕೆ ಸುಮ್ನೆ ‘ತೊದಲು ಹೆಸರು’ ಅಂತ ಬರೆದಿಟ್ಟಿದ್ದೇನೆ. ಎರಡಕ್ಕೂ ಧಾರವಾಡ, ಮಂಗಳೂರು ಕಡೆಯವರು ಹೇಳಿದರೆ ಜಾಸ್ತಿ ಖುಷಿ.