ಹರ್ಡಲ್ಸ್ ಓಟಗಾರ್ತಿ ಮಂತ್ರಿಯಾದದ್ದು: ನವಾಲ್ ಎಲ್ ಮುತವಕ್ಕಿಲ್ ಬಗ್ಗೆ ಎರಡು ಸಂದೇಹ

ಪ್ರಶ್ನೆ: ಉಪನ್ಯಾಸಕ, ತುಮಕೂರು

ಮಾನ್ಯರೇ, ನಾನು ತುಮಕೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಮುಂದಿನ ವಾರ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ನಮ್ಮ ವಾರ್ಷಿಕ ಕ್ರೀಡಾಕೂಟವಿದ್ದು, ಉದ್ಘಾಟನೆಯ ದಿನ ಹತ್ತು ನಿಮಿಷ ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಗೆದ್ದು, ಮುಂದೆ ತಮ್ಮ ದೇಶದಲ್ಲಿ ಸಚಿವೆಯಾದ ಮೊರಾಕೊದ ನವಾಲ್ ಎಲ್ ಮುತವಕ್ಕಿಲ್ ಅವರ ಬಗ್ಗೆ ಹೇಳಬೇಕೆಂದಿದ್ದೇನೆ. ಆ ದಿನ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಅವರ ಹೆಸರನ್ನೇ ಇಡಬೇಕೆಂದು ಅಲ್ಲಿನ ದೊರೆ ಹೇಳಿದರೆಂಬುದು ನಿಜವೇ? ಎರಡನೆಯದು, ಓಟದಲ್ಲಿ ಗೆದ್ದವರಿಗೆ ಮಂತ್ರಿ ಪದವಿ ಕೊಡುವುದೆಂದರೆ ಅದೊಂದು ಬಹುಮಾನವಲ್ಲದೆ ಮತ್ತೇನು ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದಾನೆ. ನನ್ನಲ್ಲಿ ಸಿದ್ಧ ಉತ್ತರವಿಲ್ಲ.

ಉತ್ತರ 1: ಹಳೆಯ ಓಟಗಾರ, ಮಧುಗಿರಿ

ದೊರೆ ಎರಡನೆಯ ಹಸನ್ ದೂರವಾಣಿಯಲ್ಲಿ ಅಭಿನಂದಿಸಿದ್ದು ನಿಜ, ಹೆಸರಿನ ಘೋಷಣೆಯೂ ನಿಜ. ಆದರೆ ನೀವು ಓಟವನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ, ಅದು ನನಗೆ ಒಪ್ಪಿಗೆಯಿಲ್ಲ. ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಸೇರಿದ್ದೇ ಆ ವರ್ಷ. ಅಂದು ನವಾಲ್ 54.61 ಸೆಕೆಂಡಿನಲ್ಲಿ ಗೆದ್ದರು, ಅಮೆರಿಕದ ಜೂಡಿ ಬ್ರೌನ್ ಎರಡನೆಯವರಾದರು, ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41 ಸೆಕೆಂಡಿನಲ್ಲಿ ಕಂಚು ಪಡೆದರು, ನಮ್ಮ ಪಿ.ಟಿ. ಉಷಾ 55.42 ಸೆಕೆಂಡಿನಲ್ಲಿ ನಾಲ್ಕನೆಯವರಾದರು. ಸೆಕೆಂಡಿನ ನೂರನೆಯ ಒಂದು ಭಾಗದ ಆ ಸೋಲನ್ನು ರೇಡಿಯೊದಲ್ಲಿ ಕೇಳಿ ನಾನು ಅಂದು ಊಟ ಬಿಟ್ಟಿದ್ದೆ. ಆ ವರ್ಷ ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ ಮೊದಲಾದ ದೇಶಗಳು ಕೂಟವನ್ನು ಬಹಿಷ್ಕರಿಸಿದ್ದವು. ಆ ಬಣದಿಂದ ಹೊರಬಂದು ಭಾಗವಹಿಸಿದ ರೊಮೇನಿಯಾದ ಓಟಗಾರ್ತಿಯೇ ಉಷಾ ಅವರ ಕಂಚನ್ನು ಕಸಿದದ್ದು, ನೋಡಿ, ಎಂಥ ವಿಚಿತ್ರ!

ಮಕ್ಕಳಿಗೆ ಓಟದ ಲೆಕ್ಕವನ್ನೂ ಹೇಳಿ. ಹರ್ಡಲ್‌ಗಳು ಹತ್ತು, ಎತ್ತರ 76.2 ಸೆಂಟಿಮೀಟರ್. ಮೊದಲನೆಯದು 45 ಮೀಟರ್ ದೂರದಲ್ಲಿ, ಆಮೇಲೆ 35 ಮೀಟರಿಗೊಂದು, ಕೊನೆಯದರಿಂದ ಗುರಿಗೆ 40 ಮೀಟರ್. ನಡುವಿನ ಹೆಜ್ಜೆಗಳು ಬೆಸ ಸಂಖ್ಯೆಯಲ್ಲಿದ್ದರೆ ಪ್ರತಿ ಸಲವೂ ಅದೇ ಕಾಲು ಮುಂದೆ ಬರುತ್ತದೆ, ಸಮಸಂಖ್ಯೆಯಾದರೆ ಕಾಲು ಬದಲಾಗುತ್ತದೆ. ದಣಿವಿನಿಂದ ಹೆಜ್ಜೆ ಚಿಕ್ಕದಾಗುವ ಕೊನೆಯ ನೂರು ಮೀಟರಿನಲ್ಲಿ ಈ ಲೆಕ್ಕ ತಪ್ಪಿದವರು ಹಿಂದೆ ಬೀಳುತ್ತಾರೆ. ನವಾಲ್ ಎತ್ತರದ ಆಳಲ್ಲ. ಅಂಥವರು ಈ ಓಟದಲ್ಲಿ ಗೆದ್ದದ್ದೇ ನನಗೆ ಇಂದಿಗೂ ಸೋಜಿಗ.

ಉತ್ತರ 2: ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಚಿಂತಾಮಣಿ

ನಿಮ್ಮ ವಿದ್ಯಾರ್ಥಿಯ ಪ್ರಶ್ನೆ ಚೆನ್ನಾಗಿದೆ, ಆದರೆ ಅವನು ಇಸವಿಗಳನ್ನು ನೋಡಿಲ್ಲ. ನವಾಲ್ ಹುಟ್ಟಿದ್ದು 1962ರಲ್ಲಿ, ಕಾಸಾಬ್ಲಾಂಕಾದಲ್ಲಿ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಒಲಿಂಪಿಕ್ಸ್ ಗೆದ್ದರು. ಮೊರಾಕೊಗೆ ಅದು ಮೊಟ್ಟಮೊದಲ ಒಲಿಂಪಿಕ್ ಚಿನ್ನ, ಸಯೀದ್ ಔಯಿತಾ 5000 ಮೀಟರ್ ಗೆದ್ದದ್ದು ಅದರ ನಂತರವೇ. ಪದಕ ಬಂದದ್ದು 1984ರಲ್ಲಿ, ರಾಜ್ಯ ಕಾರ್ಯದರ್ಶಿಯ ಹುದ್ದೆ, ಅಂದರೆ ಕಿರಿಯ ಸಚಿವ ಸ್ಥಾನ, ದೊರೆತದ್ದು 1997ರಲ್ಲಿ, ಯುವಜನ ಮತ್ತು ಕ್ರೀಡಾ ಸಚಿವೆಯಾದದ್ದು 2007ರಲ್ಲಿ. ಬಹುಮಾನವೇ ಆಗಿದ್ದರೆ ಅದನ್ನು ಕೊಡಲು ಇಪ್ಪತ್ಮೂರು ವರ್ಷ ಕಾಯುತ್ತಿದ್ದರೇ?

ಆ ನಡುವಿನ ವರ್ಷಗಳಲ್ಲಿ ಅವರು ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯ ಆಡಳಿತದಲ್ಲಿ ದುಡಿದರು, ಕಾಸಾಬ್ಲಾಂಕಾದಲ್ಲಿ ಮಹಿಳೆಯರಿಗಾಗಿಯೇ ಬೀದಿ ಓಟವನ್ನು ಆರಂಭಿಸಿದರು, 1998ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯೆಯಾದರು. 2012 ಮತ್ತು 2016ರ ಒಲಿಂಪಿಕ್ಸ್ ನಡೆಸಲು ಮುಂದೆ ಬಂದ ನಗರಗಳನ್ನು ಪರಿಶೀಲಿಸಿದ ಆಯೋಗಗಳಿಗೆ ಅವರೇ ಅಧ್ಯಕ್ಷೆ. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಬೀದಿ ಓಟ. ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕರೆತರಲು ಮನೆಮನೆಗೆ ಹೋಗಿ ತಂದೆತಾಯಿಯರನ್ನು ಒಪ್ಪಿಸಿದವಳು ನಾನು. ಚಡ್ಡಿ ತೊಟ್ಟು ಓಡುವುದು ಬೇಡ ಎಂಬ ಮಾತನ್ನು ಎಷ್ಟು ಜಗುಲಿಗಳ ಮೇಲೆ ಕುಳಿತು ಕೇಳಿದ್ದೇನೋ ಲೆಕ್ಕವಿಲ್ಲ. ಹೆಂಗಸರು ಬೀದಿಯಲ್ಲೇ ಓಡುವಂತೆ ಮಾಡುವುದು ಕಚೇರಿಯ ಕಡತದಿಂದ ಆಗುವ ಕೆಲಸವಲ್ಲ.

ಉತ್ತರ 3: ಓದುಗ, ಕೋಲಾರ

ಅಮ್ಮನವರ ಮಾತನ್ನು ಗೌರವದಿಂದ ಒಪ್ಪುತ್ತಲೇ ಒಂದು ಆಕ್ಷೇಪ. ನವಾಲ್ ಪೂರ್ಣ ಸಚಿವೆಯಾಗಿ ಇದ್ದದ್ದು 2009ರವರೆಗೆ ಮಾತ್ರ. ಎರಡೇ ವರ್ಷ ಇದ್ದವರನ್ನು ರಾಜಕಾರಣಿ ಎನ್ನುವುದಕ್ಕಿಂತ, ರಾಜಕೀಯದಲ್ಲೂ ಕೆಲಕಾಲ ಇದ್ದ ಕ್ರೀಡಾ ಆಡಳಿತಗಾರ್ತಿ ಎನ್ನುವುದೇ ಸರಿ. ನಮ್ಮ ಉಷಾ ಅವರ ದಾರಿಯೂ ಇದಕ್ಕೆ ಹತ್ತಿರವಿದೆ: 2022ರ ಜುಲೈನಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, ಅದೇ ಡಿಸೆಂಬರಿನಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷ ಸ್ಥಾನ. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳಲ್ಲಿ ಅನುಭವವುಳ್ಳ 12 ಮಂದಿಯನ್ನು ರಾಷ್ಟ್ರಪತಿಗಳು ನೇಮಿಸಬಹುದೆಂದು ಸಂವಿಧಾನದ 80ನೆಯ ವಿಧಿ ಹೇಳುತ್ತದೆಯೇ ಹೊರತು, ಅದರಲ್ಲಿ ಕ್ರೀಡೆ ಎಂಬ ಪದವೇ ಇಲ್ಲ. ರಾಜ್ಯಶಾಸ್ತ್ರದ ಮೇಷ್ಟ್ರಾದ ತಾವು ಈ ಅಂಶವನ್ನು ವಿದ್ಯಾರ್ಥಿಗಳ ಮುಂದಿಟ್ಟರೆ ಚರ್ಚೆಗೆ ಕಾವು ಬರುತ್ತದೆ.

ಪ್ರಶ್ನೆ ಕೇಳಿದವರು: ಉಪನ್ಯಾಸಕ, ತುಮಕೂರು

ಮೂವರಿಗೂ ಕೃತಜ್ಞತೆಗಳು. ಭಾಷಣವನ್ನು ದೊರೆಯ ಘೋಷಣೆಯಿಂದ ಆರಂಭಿಸುವ ಯೋಚನೆ ಕೈಬಿಟ್ಟು, ಆ ನಾಲ್ವರ ಓಟದಿಂದಲೇ ಆರಂಭಿಸುತ್ತೇನೆ. 80ನೆಯ ವಿಧಿಯ ಅಂಶವನ್ನು ತರಗತಿಯಲ್ಲಿ ಪಾಠ ಮಾಡಿಯೂ ನಾನು ಗಮನಿಸಿರಲಿಲ್ಲ, ಅದಕ್ಕೆ ಕೋಲಾರದ ಗೆಳೆಯರಿಗೆ ವಿಶೇಷ ವಂದನೆ. ಮಧುಗಿರಿಯ ಹಿರಿಯರು ಹೇಳಿದ ಎತ್ತರವನ್ನು ಓದಿ, ಇಂದು ನಮ್ಮ ಕಾಲೇಜಿನ ಉಗ್ರಾಣದಲ್ಲಿದ್ದ ಹರ್ಡಲ್‌ಗಳನ್ನು ಅಳೆಸಿದೆ. ಎಂಟರಲ್ಲಿ ಮೂರು ಮಾತ್ರ ಆ ಎತ್ತರಕ್ಕೆ ಸರಿಯಾಗಿವೆ.