ಡ್ಯೂಟಿಯಲ್ಲಿ ಕಾಲು ಮುರಿದ ಪೊಲೀಸರಿಗೆ ಯಾವ ಇನ್ಶೂರೆನ್ಸ್? ಅನುಭವ ಇದ್ದವರು ಹೇಳಿ

ಕೇಳಿದವರು: ಮಡಿಕೇರಿಯ ಗೃಹಿಣಿ
ನಮ್ಮ ಯಜಮಾನ್ರು ಕಾನ್‌ಸ್ಟೆಬಲ್. ತುಲಾ ಸಂಕ್ರಮಣದ ಬಂದೋಬಸ್ತಿಗೆ ಭಾಗಮಂಡಲಕ್ಕೆ ಹಾಕಿದ್ದರು. ಪಾರ್ಕಿಂಗ್ ಹತ್ತಿರ ಪ್ರವಾಸಿಗರ ಕಾರೊಂದು ರಿವರ್ಸ್ ಬಂದು ಬಲಗಾಲಿಗೆ ಗುದ್ದಿತು. ಮೊಣಕಾಲ ಕೆಳಗೆ ಎರಡು ಕಡೆ ಮುರಿದಿದೆ, ಮೈಸೂರಲ್ಲಿ ರಾಡ್ ಹಾಕಿದ್ದಾರೆ. ಪಕ್ಕದ ಎಸ್ಟೇಟಿನ ರೈಟರ್ (ಲೆಕ್ಕ ಬರೆಯುವವರು), "ನಮ್ಮ ಆಳು ಮರಗಸಿ (ನೆರಳು ಮರದ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಬಿದ್ದದ್ದಕ್ಕೆ ಕಾರ್ಮಿಕರ ಪರಿಹಾರ ಬಂತು, ನಿಮಗೂ ಬರ್ತದೆ" ಅಂತಾರೆ. ಹೌದಾ? ಎಲ್ಲಿಂದ ಶುರು ಮಾಡ್ಲಿ?

ನಿವೃತ್ತ ಎಎಸ್ಐ, ಕುಶಾಲನಗರ
ತಂಗೀ, ರೈಟರ್ ಹೇಳಿದ್ದು ಎಸ್ಟೇಟಿಗೆ ಸರಿ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಕಾಫಿ ತೋಟದ ಕೆಲಸ ಇತ್ತು, 2025ರ ನವೆಂಬರಿನಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಖಾಯಂ ಪೊಲೀಸರು ಸಾಮಾನ್ಯವಾಗಿ ಆ ದಾರಿಯಲ್ಲಿ ಹೋಗುವುದಿಲ್ಲ, ನಮಗೆ ಸರ್ಕಾರಿ ನೌಕರರ ನಿಯಮಗಳೇ ಬೇರೆ. "ಪೊಲೀಸ್ ಇನ್ಶೂರೆನ್ಸ್" ಅಂತ ಒಂದೇ ಪಾಲಿಸಿ ಹುಡುಕಬೇಡಿ. ಆಸ್ಪತ್ರೆ ಖರ್ಚು ಒಂದು ಕಡೆ, ರಜೆ ಇನ್ನೊಂದು ಕಡೆ, ಅಪಘಾತದ ಪರಿಹಾರ ಮತ್ತೊಂದು ಕಡೆ. ಕೆಜಿಐಡಿಯನ್ನು (ರಾಜ್ಯ ಸರ್ಕಾರಿ ವಿಮಾ ಇಲಾಖೆಯ ಪಾಲಿಸಿ) ಇದಕ್ಕೆ ನೆಚ್ಚಿಕೊಳ್ಳಬೇಡಿ, ಅದು ಜೀವವಿಮೆ. ಮುರಿದ ಕಾಲಿಗೆ ಅದರಲ್ಲಿ ಏನೂ ಇಲ್ಲ, ಬೇಕಿದ್ದರೆ ಸಾಲ ಸಿಗ್ತದೆ.

ಎಲ್ಲಾ ಕಡೆಯೂ ಕೇಳುವ ಪ್ರಶ್ನೆ ಒಂದೇ: ಆ ಹೊತ್ತಿಗೆ ಇವರು ಡ್ಯೂಟಿಯಲ್ಲಿ ಇದ್ದರು ಅನ್ನೋದಕ್ಕೆ ಏನು ಸಾಕ್ಷಿ?

ನನ್ನದೇ ಹೇಳ್ತೇನೆ. 2018ರ ಆಗಸ್ಟ್, ಜೋಡುಪಾಲದಲ್ಲಿ ಗುಡ್ಡ ಕುಸಿದಾಗ ಅಲ್ಲಿದ್ದೆ. ಒಂದು ಅಜ್ಜಿಯನ್ನು ಹೊತ್ತುಕೊಂಡು ಇಳಿಯುವಾಗ ಕೆಸರಲ್ಲಿ ಮಂಡಿ ತಿರುಚಿತು. ಹೆಗಲ ಮೇಲಿನ ಅಜ್ಜಿ "ನನ್ನ ಕೋಳಿ, ನನ್ನ ಕೋಳಿ" ಅಂತ ಒಂದೇ ಸಮ. ಆ ಗಲಾಟೆಯಲ್ಲಿ ಠಾಣಾ ಡೈರಿ ಯಾರಿಗೆ ನೆನಪಿರ್ತದೆ? ಆರು ದಿನ ಬಿಟ್ಟು ಆಸ್ಪತ್ರೆಗೆ ಹೋದೆ, ಠಾಣೆಯ ಮೆಮೊ ಇಲ್ಲದೆ. ಚೀಟಿಯಲ್ಲಿ "ಮಂಡಿ ನೋವು" ಅಂತ ಬರೆದರು, ಅಷ್ಟೇ. ಆಮೇಲೆ ಕಡತ ಒಂದು ಟೇಬಲಿನಿಂದ ಇನ್ನೊಂದಕ್ಕೆ ಹೋಗಿ, "ಕರ್ತವ್ಯದ ವೇಳೆ ಎಂಬುದಕ್ಕೆ ದಾಖಲೆ ಲಗತ್ತಿಸಿಲ್ಲ" ಅಂತ ಷರಾ ಹೊತ್ತು ವಾಪಸ್ ಬಂತು. ಇಡೀ ಜಿಲ್ಲೆಗೆ ಗೊತ್ತಿತ್ತು ನಾನು ಅಲ್ಲಿದ್ದೆ ಅಂತ, ಕಾಗದಕ್ಕೆ ಗೊತ್ತಿರಲಿಲ್ಲ! ಕೊನೆಗೆ ನನ್ನ ಗಳಿಕೆ ರಜೆಯೇ ಹೋಯ್ತು.

ಅದಕ್ಕೇ ಈಗಲೇ ಈ ನಾಲ್ಕರ ಪ್ರತಿ ತೆಗೆಸಿ: ಬಂದೋಬಸ್ತ್ ಆದೇಶದಲ್ಲಿ ಅವರ ಹೆಸರಿರುವ ಪುಟ, ಡೈರಿಯ ನಮೂದು, ಎಫ್ಐಆರ್, ಗಾಯದ ಸರ್ಟಿಫಿಕೇಟ್. ರಜೆ ಅರ್ಜಿಯಲ್ಲಿ ಸುಮ್ಮನೆ ವೈದ್ಯಕೀಯ ರಜೆ ಅಂತ ಬರೆಯಬೇಡಿ. ಕರ್ತವ್ಯದಲ್ಲಿ ಆದ ಗಾಯಕ್ಕೆ ಕರ್ನಾಟಕ ನಾಗರಿಕ ಸೇವಾ ನಿಯಮ, ಅಂದರೆ ಕೆಸಿಎಸ್ಆರ್‌ನಲ್ಲಿ ವಿಶೇಷ ಅಂಗವಿಕಲತಾ ರಜೆ ಇದೆ. ಮಂಜೂರಾದರೆ ರಜೆ ಖಾತೆಯಿಂದ ಕಳೆಯುವುದಿಲ್ಲ. ಆಫೀಸಿನ ಗುಮಾಸ್ತರು ತಾವಾಗಿ ಹೇಳುವುದು ಕಡಿಮೆ, ನಾವೇ ಕೇಳಬೇಕು.

ಪೊಲೀಸ್ ಮನೆಯವಳು, ವಿರಾಜಪೇಟೆ
ಅಕ್ಕಾ, ಆಸ್ಪತ್ರೆ ಬಿಲ್ ಕಟ್ಟಿಬಿಟ್ಟಿರಾ? ಪೊಲೀಸರ ಆರೋಗ್ಯ ಭಾಗ್ಯ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆ ಆದ್ರೆ ನಗದು ಕಟ್ಟುವ ಹಾಗಿಲ್ಲ. ಪಟ್ಟಿಯಲ್ಲಿ ಇಲ್ಲದ ಕಡೆ ತುರ್ತಾಗಿ ಸೇರಿಸಿದ್ದರೆ, ತುರ್ತು ಇತ್ತು ಅಂತ ಡಾಕ್ಟ್ರ ಕೈಯಲ್ಲಿ ಬರೆಸಿಕೊಳ್ಳಿ. ಮೂಲ ಬಿಲ್ ಎಲ್ಲಾ ಜೋಪಾನ. ನಮ್ಮ ಮನೆಯಲ್ಲಿ ಮಳೆಗಾಲದ ಥಂಡಿಗೆ ಮೆಡಿಕಲ್ ಬಿಲ್ಲಿನ ಅಕ್ಷರವೇ ಮಾಸಿಹೋಗಿತ್ತು, ಅದಕ್ಕೆ ಅವತ್ತೇ ಜೆರಾಕ್ಸ್ ಮಾಡಿಸಿಡಿ.

ವಕೀಲರ ಕಚೇರಿಯಲ್ಲಿರುವವರು, ಮಡಿಕೇರಿ
ಕಾರು ಗುದ್ದಿದ್ದಲ್ವಾ, ಹಾಗಾದರೆ ದೊಡ್ಡ ಮೊತ್ತ ಬರುವುದು ಆ ಕಾರಿನ ಥರ್ಡ್ ಪಾರ್ಟಿ ಇನ್ಶೂರೆನ್ಸಿನಿಂದ. ಎಂಎಸಿಟಿಯಲ್ಲಿ, ಅಂದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166ರ ಅರ್ಜಿ ಹಾಕಿ. ಕಾರು ಬೆಂಗಳೂರಿನದಾದರೂ ನೀವು ವಾಸ ಇರುವ ಕಡೆಯೇ ಹಾಕಬಹುದು. 2019ರ ತಿದ್ದುಪಡಿ ಆರು ತಿಂಗಳ ಗಡುವು ತಂದಿದೆ, ಅದರೊಳಗೇ ಮುಗಿಸಿ. "ಡಿಪಾರ್ಟ್‌ಮೆಂಟ್ ನೋಡಿಕೊಳ್ತದೆ, ಇದು ಯಾಕೆ" ಅನ್ನುವವರ ಮಾತು ಬಿಡಿ. ಆದರೆ ಇಲಾಖೆ ಕೊಟ್ಟ ಅದೇ ಬಿಲ್ಲನ್ನು ಇಲ್ಲೂ ಕೇಳುವುದು ಬೇಡ. ಕಾರಿನವರು ಅಲ್ಲೇ ಹತ್ತೋ ಇಪ್ಪತ್ತೋ ಸಾವಿರ ಕೊಟ್ಟು ರಾಜಿ ಮಾತಾಡಿದರೆ ಸಹಿ ಹಾಕಬೇಡಿ.

ಪೊಲೀಸ್ ಕಾನ್‌ಸ್ಟೆಬಲ್, ಗೋಣಿಕೊಪ್ಪ
ಮೇಡಂ, ನಿಮ್ಮದರಲ್ಲಿ ಎದುರಿಗೆ ಒಂದು ಕಾರಾದರೂ ಇದೆ. ನಾನು ನೈಟ್ ರೌಂಡ್ಸಲ್ಲಿ ಮಂಜಿಗೆ ನನ್ನದೇ ಬೈಕಲ್ಲಿ ಜಾರಿ ಬಿದ್ದೆ. ಥರ್ಡ್ ಪಾರ್ಟಿಯಲ್ಲಿ ಏನೂ ಇಲ್ಲ. ಬೈಕ್ ಇನ್ಶೂರೆನ್ಸ್ ಜೊತೆಗಿನ ಮಾಲೀಕ-ಚಾಲಕನ 15 ಲಕ್ಷದ ಕವರ್ ಸಾವಿಗೆ, ಕೈಕಾಲು ಕಣ್ಣು ಹೋದರೆ, ಪೂರ್ತಿ ಅಂಗವೈಕಲ್ಯಕ್ಕೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲೂ ಕೂಡಿಕೊಳ್ಳುವ ಮೂಳೆಗೆ ದುಡ್ಡಿಲ್ಲ. ಸಂಬಳದ ಖಾತೆ ಪ್ಯಾಕೇಜಿನದಾದರೆ ಅಪಘಾತ ವಿಮೆಯ ಷರತ್ತು ಬ್ಯಾಂಕಿನಲ್ಲಿ ಬರಹದಲ್ಲಿ ಕೇಳಿ. ನಾನು ಬಿದ್ದಮೇಲೆ ಓದಿದ್ದು.

ಕೇಳಿದವರು
ಎಲ್ಲರಿಗೂ ಧನ್ಯವಾದ. ಇವರ ಸ್ನೇಹಿತರು ಡೈರಿ ನೋಡಿ ಬಂದರು, ನಮೂದು ಇದೆ. ಆದರೆ ಗಾಯದ ಸರ್ಟಿಫಿಕೇಟಲ್ಲಿ "ಜಾರಿ ಬಿದ್ದು" ಅಂತಿದೆ! ಕರೆದುಕೊಂಡು ಹೋದ ಹುಡುಗ ಗಾಬರಿಯಲ್ಲಿ ಹಾಗೆ ಹೇಳಿದ್ದನಂತೆ.

ನಿವೃತ್ತ ಎಎಸ್ಐ, ಕುಶಾಲನಗರ
ಅಯ್ಯೋ, ಇನ್ಶೂರೆನ್ಸ್‌ನವರು ಮೊದಲು ಹಿಡಿಯುವುದೇ ಅದನ್ನು. ನೀವು ತಿದ್ದಲು ಹೋಗಬೇಡಿ. ತನಿಖಾಧಿಕಾರಿ ಆ ಹುಡುಗನ ಹೇಳಿಕೆ ತೆಗೆದುಕೊಳ್ಳಲಿ, ಎಫ್ಐಆರ್ ಪ್ರತಿ ಇಟ್ಟು ಡಾಕ್ಟರಿಗೆ ಪತ್ರ ಬರೆಯಲಿ. ನಾಳೆಯೇ ಠಾಣೆಗೆ ಹೋಗಿ ತಂಗೀ, ಆ ಹುಡುಗನನ್ನೂ ಕರೆದುಕೊಂಡು.