ಲಕ್ವಾ ಹೊಡೆದ ಕೈಗೆ ಕನ್ನಡಿ ವ್ಯಾಯಾಮ: ಮನೆಯಲ್ಲಿ ಮಾಡಿಸಿದವರು ಇದ್ದೀರಾ?

ಪ್ರಶ್ನೆ, ವಿಜಯಪುರದಿಂದ:
ಅಪ್ಪನಿಗೆ ಲಕ್ವಾ ಹೊಡೆದು 2 ತಿಂಗಳಾಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ಎಡಗೈ ಮಾತ್ರ ಸ್ವಾಧೀನಕ್ಕೆ ಬಂದಿಲ್ಲ. ಫಿಸಿಯೋಥೆರಪಿಯವರು ಕನ್ನಡಿ ಇಟ್ಟು ವ್ಯಾಯಾಮ ಮಾಡಿಸಿ ಅಂದರು, ಮಿರರ್ ನ್ಯೂರಾನ್ ಅಂತ ಏನೋ ಹೇಳಿದರು. ಅಪ್ಪ ‘ಇದೇನು ಹುಡುಗರಾಟ’ ಅಂತ ಮುಖ ತಿರುಗಿಸುತ್ತಾರೆ. ಏನು ಮಾಡಲಿ?

ಬಾಗಲಕೋಟೆಯಿಂದ:
ತಮ್ಮಾ, ನಮ್ಮ ಅತ್ತೆಯೂ ಮೊದಲ ದಿನ ಇದೇ ಮಾತು ಅಂದಿದ್ದರು. ಅವರಿಗೆ ಹೋಗಿದ್ದು ಬಲಗೈ.

ಗಾಜಿನ ಅಂಗಡಿಯಲ್ಲಿ ಒಂದೂವರೆ ಅಡಿ ಕನ್ನಡಿ ಕೊಯ್ಸಿ, ಅಂಚು ಉಜ್ಜಿಸಿ ತಂದೆವು. ಮೇಜಿನ ಮೇಲೆ, ಎದೆಯ ನಡುವಿನ ನೇರಕ್ಕೆ, ಎರಡು ಕೈಗಳ ಮಧ್ಯೆ ಅಡ್ಡಗೋಡೆಯಂತೆ ನಿಲ್ಲಿಸಿದೆವು. ಸ್ವಾಧೀನ ಇಲ್ಲದ ಕೈ ಕನ್ನಡಿಯ ಹಿಂದೆ, ಗಟ್ಟಿ ಕೈ ಮುಂದೆ. ಅತ್ತೆ ಕನ್ನಡಿಯೊಳಗೇ ನೋಡುತ್ತ ಎಡಗೈ ಬೆರಳು ಮಡಚಿ ಬಿಚ್ಚಬೇಕು. ಕಾಣುವುದು ಬಲಗೈಯೇ ಆಡಿದ ಹಾಗೆ. ಹಿಂದಿನ ಕೈಯನ್ನೂ ಆದಷ್ಟು ಹಾಗೇ ಆಡಿಸಲು ಯತ್ನಿಸಬೇಕು.

ಒಂದು ವಾರ ಏನೂ ಆಗಲಿಲ್ಲ. ‘ಅದು ನನ್ನ ಕೈ ಅಲ್ಲ’ ಅನ್ನುತ್ತಿದ್ದರು. ಆಮೇಲೆ ನೋಡಿದರೆ, ಎಡ ಮುಂಗೈಯಲ್ಲಿ ಹಚ್ಚೆ ಇದೆ, ಬಲಗೈಯಲ್ಲಿ ಇಲ್ಲ! ಬಲಗೈ ಬಳೆಗಳನ್ನೂ ಸಲೈನ್ ಹಚ್ಚುವಾಗ ತೆಗೆದಿದ್ದರು. ಬಳೆ, ಉಂಗುರ, ಗಡಿಯಾರ ತೆಗೆಸಿ ಅಂತ ಹೇಳುವುದೇ ಇದಕ್ಕೆ. ಆದರೆ ಅತ್ತೆ ಹಸಿರು ಬಳೆ ತೆಗೆಯಲು ಸುತಾರಾಂ ಒಪ್ಪಲಿಲ್ಲ. ಎರಡೂ ಕೈಗೆ ಲೆಕ್ಕ ಸರಿ ಮಾಡಿ ಬಳೆ ತೊಡಿಸಿದೆವು, ಹಚ್ಚೆ ಮುಚ್ಚುವಂತೆ ಉದ್ದ ತೋಳಿನ ಕುಬಸ ಹಾಕಿಸಿದೆವು. ಅವತ್ತು ಕನ್ನಡಿ ನೋಡಿ ಸುಮ್ನೆ ಅತ್ತುಬಿಟ್ಟರು.

ಮಿರರ್ ನ್ಯೂರಾನ್ ಅಂದರೆ, 1990ರ ದಶಕದಲ್ಲಿ ಇಟಲಿಯ ಪಾರ್ಮಾದಲ್ಲಿ ಜಾಕೊಮೊ ರಿಜೊಲಾಟ್ಟಿ ಅವರ ತಂಡ ಮಂಗಗಳ ಮೆದುಳಿನಲ್ಲಿ ಕಂಡ ಕೋಶಗಳು. ಮಂಗ ತಾನೇ ಏನಾದರೂ ಹಿಡಿದಾಗ ಚುರುಕಾಗುವ ಕೋಶ, ಬೇರೆಯವರು ಹಿಡಿಯುವುದನ್ನು ನೋಡಿದಾಗಲೂ ಚುರುಕಾಗುತ್ತಿತ್ತು. ಕನ್ನಡಿಯ ಉಪಾಯ ತಂದವರು ನಮ್ಮ ತಮಿಳುನಾಡಿನಲ್ಲಿ ಹುಟ್ಟಿದ ಮೆದುಳು ವಿಜ್ಞಾನಿ ವಿ. ಎಸ್. ರಾಮಚಂದ್ರನ್. ಕೈ ಕತ್ತರಿಸಿದ ಮೇಲೂ ಇಲ್ಲದ ಕೈಯಲ್ಲಿ ನೋವು ಬರುತ್ತದಲ್ಲ, ಅದಕ್ಕೆ ಅಂತ ಶುರು ಮಾಡಿದ್ದು. ಲಕ್ವಾಕ್ಕೆ ಆಮೇಲೆ ಬಂತು. ಈ ವ್ಯಾಯಾಮದ ಗುಣ ಆ ಕೋಶಗಳಿಂದಲೇ ಅಂತ ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ. ಆದರೆ ಗುಣ ಇದೆ: 2018ರಲ್ಲಿ ಕಾಕ್ರೇನ್‌ನವರು (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಸಂಸ್ಥೆ) 62 ಅಧ್ಯಯನ ಒಟ್ಟಿಗೆ ನೋಡಿ, ಕೈಕಾಲಿನ ಚಲನೆಗೂ ದಿನದ ಕೆಲಸಕ್ಕೂ ಸಹಾಯ ಆಗುತ್ತದೆ ಅಂದರು. ಉಳಿದ ವ್ಯಾಯಾಮ ಬಿಟ್ಟು ಇದೊಂದನ್ನೇ ಹಿಡಿಯಬೇಡಿ.

ನಮಗೆ ಜಾಸ್ತಿ ಉಪಯೋಗ ಆಗಿದ್ದು ರೊಟ್ಟಿ. ನಮ್ಮ ಕೈಗೆ ಪಳಗಿದ ಕೆಲಸವನ್ನು ನೋಡಿದಾಗ ಮೆದುಳು ಹೆಚ್ಚು ಸ್ಪಂದಿಸುತ್ತದಂತೆ. ಹಾಗಾಗಿ ಕನ್ನಡಿ ಮುಂದೆ 20 ನಿಮಿಷ ಆದ ಮೇಲೆ ಅತ್ತೆಯನ್ನು ಒಲೆಯ ಹತ್ತಿರ ಕೂಡಿಸುತ್ತಿದ್ದೆ. ನಾನು ಜೋಳದ ರೊಟ್ಟಿ ಬಡಿಯುವುದನ್ನು ನೋಡಬೇಕು, ಆಮೇಲೆ ಹಿಟ್ಟಿನ ಮೇಲೆ ಬಲಗೈ ಇಡಬೇಕು. ‘ಅಂಚು ದಪ್ಪ ಆಯಿತು, ತಿರುಗಿಸು’ ಅಂತ ಬೈಯುತ್ತಲೇ ನೋಡುತ್ತಿದ್ದರು. ಆರನೇ ವಾರ ಒಂದು ದಿನ ಅವರು ಕೈ ತೆಗೆದಾಗ ಉಂಡೆಯಲ್ಲಿ ಹೆಬ್ಬೆರಳಿನ ಗುಳಿ ಇತ್ತು. ಆ ಉಂಡೆಯನ್ನು ಬಡಿಯಲು ನನಗೆ ಮನಸ್ಸೇ ಬರಲಿಲ್ಲ. ಈಗ ಲೋಟ ಹಿಡಿಯುತ್ತಾರೆ. ರೊಟ್ಟಿ ಬಡಿಯಲು ಇನ್ನೂ ಆಗಿಲ್ಲ.

ನಿಮ್ಮ ಅಪ್ಪ ಏನು ಕೆಲಸ ಮಾಡುತ್ತಿದ್ದರು? ಅದನ್ನೇ ಹಿಡಿಯಿರಿ.

ಬೆಳಗಾವಿಯಿಂದ:
ಅಕ್ಕ ಹೇಳಿದ್ದು ಸರಿ. ಎರಡು ಮಾತು ಸೇರಿಸುತ್ತೇನೆ. ನಮ್ಮ ಕಾಕಾಗೆ ಮೊದಮೊದಲು ಕನ್ನಡಿ ನೋಡಿದರೆ ತಲೆ ಸುತ್ತುತ್ತಿತ್ತು. 5 ನಿಮಿಷದಿಂದ ಶುರು ಮಾಡಿ ಏರಿಸಿದೆವು. ಮತ್ತೆ, ಸ್ವಾಧೀನ ಇಲ್ಲದ ಕೈಯನ್ನು ಯಾರೂ ಎಳೆಯದಂತೆ ನೋಡಿಕೊಳ್ಳಿ. ಒಂದು ಕಡೆ ತಿಕ್ಕಿಸಲು ಹೋದಾಗ ಎಳೆದೇಬಿಟ್ಟರು. ಭುಜದ ನೋವಿಗೇ 2 ತಿಂಗಳು ಹೋಯಿತು.

ಪ್ರಶ್ನೆ ಕೇಳಿದವರು:
ಅಪ್ಪನದು ದ್ರಾಕ್ಷಿ ತೋಟ ರೀ. ಚಾಟ್ನಿ ಮಾಡುವಾಗ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವಾಗ, ಬಲಗೈಯಲ್ಲಿ ಕತ್ತರಿ, ಎಡಗೈಯಲ್ಲಿ ಕಡ್ಡಿ. ಇವತ್ತು ತೋಟದಿಂದ ನಾಲ್ಕು ಒಣ ಕಡ್ಡಿ ತಂದು ಮೇಜಿನ ಮೇಲೆ ಇಟ್ಟೆ. ಏನೂ ಹೇಳಲಿಲ್ಲ. ಅವರೇ ಒಂದನ್ನು ಬಲಗೈಯಲ್ಲಿ ಎತ್ತಿಕೊಂಡು ಅದರ ಕಣ್ಣು (ಚಿಗುರೊಡೆಯುವ ಗಂಟು) ಎಣಿಸುತ್ತಿದ್ದಾರೆ. ನಾಳೆ ಕನ್ನಡಿ ತರುತ್ತೇನೆ.